ತುಳಿದ ದಾರಿಗೂ ಲೆಕ್ಕ ಕೊಡಬೇಕು

ಸಂಡೂರು ರಸ್ತೆಯಲ್ಲಿ ಅರ್ಧ ದಿನ ಸೈಕಲ್ ತುಳಿದವರ ಕರವಸ್ತ್ರ ಕೆಂಪಾಗಿರುತ್ತದೆ. ಕಂಪ್ಲಿ ಕಡೆಯಿಂದ ಬಂದವರ ಚಕ್ರದ ಕಡ್ಡಿಗಳ ನಡುವೆ ಕಬ್ಬಿನ ರವದಿ, ಭತ್ತದ ಹೊಟ್ಟು ಸಿಕ್ಕಿಕೊಂಡಿರುತ್ತದೆ. ಹಂಪಿ ಸುತ್ತಿ ಬಂದವರು ಕೈ ಕೊಡವಿಕೊಳ್ಳುತ್ತಿರುತ್ತಾರೆ. ಅಲ್ಲಿನ ಒರಟು ಹಾದಿಯ ಕುಲುಕಾಟಕ್ಕೆ ಅಂಗೈ ಜೋಮು ಹಿಡಿದಿರುತ್ತದೆ. ಹೊಸಪೇಟೆಯ ಕಲ್ಯಾಣ ಮಂಟಪವೊಂದರ ಅಂಗಳದಲ್ಲಿ ಸಂಜೆ ಸಾಲಾಗಿ ನಿಂತ ಸೈಕಲ್ಲುಗಳನ್ನು ನೋಡಿದರೆ ಯಾರು ಯಾವ ದಿಕ್ಕಿನಿಂದ ಬಂದರು ಎಂದು ಕೇಳುವುದೇ ಬೇಡ.

ಒಂದು ಒಳ್ಳೆಯ ಕೆಲಸಕ್ಕೆ ಹಣ ಕೂಡಿಸಲು ಗುಂಪುಕಟ್ಟಿಕೊಂಡು ನೂರಾರು ಕಿಲೊಮೀಟರ್ ಸೈಕಲ್ ತುಳಿಯುವ ತಂಡಗಳಿಗೆ ಈ ಸೀಮೆ ಹೇಳಿ ಮಾಡಿಸಿದಂತಿದೆ. ಬೆಂಗಳೂರಿನಿಂದ ಹೊಸಪೇಟೆಗೆ ಸುಮಾರು 340 ಕಿ.ಮೀ. ಗೋವಾ ಕಡೆಯಿಂದಲೂ ಹೆಚ್ಚುಕಡಿಮೆ ಅಷ್ಟೇ ದಾರಿ. ಹೊಸಪೇಟೆಯಲ್ಲಿ ಬಿಡಾರ ಹೂಡಿದರೆ ಹಂಪಿ ಹದಿಮೂರು ಕಿ.ಮೀ., ಸಂಡೂರು ಮತ್ತು ಕಂಪ್ಲಿ ಮೂವತ್ತರ ಆಸುಪಾಸು. ಒಂದು ಕಡೆ ಗಣಿ, ಒಂದು ಕಡೆ ಗದ್ದೆ, ನಡುವೆ ಹೊಳೆ, ಬಂಡೆ, ಗುಡಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾತ್ರ ಇಲ್ಲಿ ಇದು ಸಾಧ್ಯ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಹತ್ತಕ್ಕೇ ಟಾರು ಕಾಯುತ್ತದೆ, ಬಳ್ಳಾರಿ ಸೀಮೆಯ ಬಿಸಿಲಿಗೆ ಹೊರಗಿನವರ ತಲೆ ನಿಲ್ಲುವುದಿಲ್ಲ.

ಇಂಥ ಸವಾರಿಯ ಫೋಟೊಗಳನ್ನು ಎಲ್ಲರೂ ನೋಡಿರುತ್ತಾರೆ: ಕಲ್ಲಿನ ರಥದ ಮುಂದೆ ಹೆಲ್ಮೆಟ್ ಎತ್ತಿ ಹಿಡಿದ ಕೈಗಳು, ಕೊರಳಲ್ಲಿ ಹಾರ. ಫೋಟೊಕ್ಕೆ ಸಿಗದ ದಿನಚರಿಯನ್ನು ಹೇಳಬೇಕೆಂಬುದು ನನ್ನ ಆಸೆ. ಏಕೆಂದರೆ ಕೊಡುವ ಹಣದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಈ ದಿನಚರಿಯಲ್ಲಿ ಊರಿನವರ ಪಾಲಿದೆ. ಆ ಪಾಲಿಗೆ ಯಾರೂ ರಸೀದಿ ಬರೆಯುವುದಿಲ್ಲ.

ಹಾಗೆ ನೋಡಿದರೆ ಗುಂಪು ಪ್ರಯಾಣ ಈ ನೆಲಕ್ಕೆ ಹೊಸದಲ್ಲ. ಕೊಟ್ಟೂರು ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಮೊದಲಾದ ಕಡೆಗಳಿಂದ ಸಾವಿರಾರು ಜನ ನಡೆದು ಬರುತ್ತಾರೆ. ಹುಲಿಗೆಮ್ಮನ ದರ್ಶನಕ್ಕೆ ತುಂಗಭದ್ರಾ ಅಣೆಕಟ್ಟೆಯ ಆಚೆಬದಿಯ ಹುಲಿಗಿಗೆ ನಡೆಯುವವರಿದ್ದಾರೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ರಸ್ತೆಗಳೆಲ್ಲ ಶ್ರೀಶೈಲದ ಪಾದಯಾತ್ರಿಗಳಿಂದ ತುಂಬುತ್ತವೆ. ಕೊಟ್ಟೂರಿನ ದಾರಿಯುದ್ದಕ್ಕೂ ಊರಿನವರು ಪೆಂಡಾಲು ಹಾಕಿ ಪಲಾವು, ಮಜ್ಜಿಗೆ, ಕಲ್ಲಂಗಡಿ ಹಣ್ಣು ಹಂಚುತ್ತಾರೆ. ನಡೆದು ಊದಿದ ಕಾಲಿಗೆ ಎಣ್ಣೆ ತಿಕ್ಕಿ ಕಳಿಸುವವರೂ ಇದ್ದಾರೆ. ಆದ್ದರಿಂದ ಬಿಗಿ ಬಟ್ಟೆ ತೊಟ್ಟ ಮೂವತ್ತು ಜನ ಸೈಕಲ್ಲಿನಲ್ಲಿ ಬಂದಿಳಿದಾಗ ಇಲ್ಲಿನವರು ಬೆರಗಾಗಿ ದೂರ ನಿಲ್ಲುವುದಿಲ್ಲ. ದೂರದಿಂದ ಬಂದಿದ್ದಾರೆ, ದಣಿದಿದ್ದಾರೆ, ಏನೋ ಹರಕೆಯೋ ಸೇವೆಯೋ ಇರಬೇಕು ಎಂದು ಅರ್ಥ ಮಾಡಿಕೊಂಡು ಮೊದಲು ನೀರಿನ ಕೊಡ ಮುಂದೆ ತರುತ್ತಾರೆ.

ಸೈಕಲ್ ಏರಿ ಒಂದು ಮಾತು ಹೇಳಲು ಹೊರಡುವ ಪರಂಪರೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 1985ರ ಡಿಸೆಂಬರ್‌ನಲ್ಲಿ ಬಾಬಾ ಆಮ್ಟೆ ಅವರು ‘ಭಾರತ್ ಜೋಡೊ’ ಎಂದು ಕನ್ಯಾಕುಮಾರಿಯಿಂದ ಕಾಶ್ಮೀರದ ಕಡೆಗೆ ಹೊರಟಾಗ ಅವರ ಜೊತೆ ನೂರಕ್ಕೂ ಹೆಚ್ಚು ಯುವಕ ಯುವತಿಯರು ಸೈಕಲ್ ತುಳಿದರು. ಸಾಕ್ಷರತಾ ಆಂದೋಲನದ ದಿನಗಳಲ್ಲಿ ಸೈಕಲ್ ಜಾಥಾ ಕಾಣದ ತಾಲ್ಲೂಕು ಕೇಂದ್ರಗಳೇ ಕಡಿಮೆ. ಕ್ರೀಡೆಯ ರೂಪದಲ್ಲಿ ಹಲವು ದಿನಗಳ ಗುಂಪು ಸವಾರಿ ನಮ್ಮ ರಾಜ್ಯದಲ್ಲಿ ನೆಲೆಯೂರಿದ್ದು 2008ರಲ್ಲಿ ಶುರುವಾದ ‘ಟೂರ್ ಆಫ್ ನೀಲಗಿರೀಸ್’ನಿಂದ. ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟದ ದಾರಿಗಳಲ್ಲಿ ಅದು ಸಾಗುತ್ತದೆ. ಸಹಾಯ ವಾಹನ, ಮೆಕ್ಯಾನಿಕ್, ದಿನದ ಕೊನೆಗೆ ಮರುದಿನದ ದಾರಿಯ ವಿವರಣೆ, ಇವೆಲ್ಲವನ್ನು ಇಂಥ ದೊಡ್ಡ ಸವಾರಿಗಳಿಂದಲೇ ಚಿಕ್ಕ ತಂಡಗಳು ಕಲಿತವು.

ಇನ್ನು ಆ ದಿನಚರಿಗೆ ಬರೋಣ. ದಿನ ಶುರುವಾಗುವುದು ನಾಲ್ಕೂವರೆಗೆ. ಮಂಟಪದ ಹಾಲ್‌ನಲ್ಲಿ ಜಮಖಾನೆ ಹಾಸಿ ಮಲಗಿದವರ ಪೈಕಿ ಯಾರದೋ ಮೊಬೈಲ್ ಅಲಾರಂ ಹೊಡೆಯುತ್ತದೆ, ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಏಳುತ್ತಾರೆ. ಮೂವತ್ತು ಜನಕ್ಕೆ ನಾಲ್ಕು ಶೌಚಾಲಯ. ಆದ್ದರಿಂದ ಅನುಭವಸ್ಥರು ನಾಲ್ಕಕ್ಕೇ ಎದ್ದು ಮುಗಿಸಿರುತ್ತಾರೆ. ರಾತ್ರಿ ಹಗ್ಗದ ಮೇಲೆ ಹಾಕಿದ ಚಡ್ಡಿ ಒಣಗಿದೆಯೇ ಎಂದು ಮುಟ್ಟಿ ನೋಡುವುದು ಎರಡನೆಯ ಕೆಲಸ. ಇದು ಸಣ್ಣ ವಿಷಯವಲ್ಲ. ಒದ್ದೆ ಬಟ್ಟೆಯಲ್ಲಿ ಐದಾರು ತಾಸು ಸೀಟಿನ ಮೇಲೆ ಕೂತರೆ ತೊಡೆಸಂದು ಕೆತ್ತಿ ಹುಣ್ಣಾಗುತ್ತದೆ. ಮೊಣಕಾಲು ನೋವು, ಬಿಸಿಲಿನ ಜೊತೆಗೆ ಎಷ್ಟೋ ಜನರನ್ನು ಸವಾರಿಯಿಂದ ಇಳಿಸುವುದು ಈ ಹುಣ್ಣೇ. ದಿನವೂ ತೊಳೆಯುವುದು, ಪೂರ್ತಿ ಒಣಗಿಸುವುದು, ಕೂರುವ ಮುಂಚೆ ಮುಲಾಮು ಹಚ್ಚುವುದು, ಈ ಮೂರನ್ನು ಬಿಡದೆ ಮಾಡಿದವರು ಕೊನೆ ಮುಟ್ಟುತ್ತಾರೆ.

ಅಂಗಳದಲ್ಲಿ ಪಂಪಿನ ಸದ್ದು. ತೆಳ್ಳನೆ ಟೈರಿನವರು ಗಾಳಿಯನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿದರೆ ಸಾಲದು, ಮೀಟರಿನಲ್ಲೇ ನೋಡಬೇಕು. ಚೈನಿಗೆ ಹಾಕುವ ಎಣ್ಣೆಯ ವಿಷಯದಲ್ಲಿ ಈ ಸೀಮೆಗೆ ಒಂದು ಪ್ರತ್ಯೇಕ ಪಾಠವಿದೆ. ಮಲೆನಾಡಿನಲ್ಲಿ ಉಪಯೋಗಕ್ಕೆ ಬರುವ ಜಿಡ್ಡಿನ ಎಣ್ಣೆ ಇಲ್ಲಿ ಹಾಕಿದರೆ ಅದಿರಿನ ದೂಳು ಅದಕ್ಕೆ ಮೆತ್ತಿಕೊಂಡು, ಮಧ್ಯಾಹ್ನದ ಹೊತ್ತಿಗೆ ಚೈನು ಉಪ್ಪುಕಾಗದದಂತೆ ಹಲ್ಲುಗಳನ್ನು ಸವೆಸುತ್ತದೆ. ಇಲ್ಲಿಗೆ ಬೇಕಾದ್ದು ಒಣಗಿ ನಿಲ್ಲುವ ಮೇಣದಂಥ ಎಣ್ಣೆ. ಅದೂ ರಾತ್ರಿಯೇ ಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಒರೆಸಿ ಹೊರಡಬೇಕು.

ಐದೂವರೆಗೆ ಮಂಡಕ್ಕಿ ಒಗ್ಗರಣೆಯೋ ಚಿತ್ರಾನ್ನವೋ, ಚಹಾ, ಎರಡು ಬಾಳೆಹಣ್ಣು. ಆಮೇಲೆ ನಾಯಕರ ಐದು ನಿಮಿಷದ ಮಾತು. ಎಲ್ಲಿ ಗುಂಡಿ, ಎಲ್ಲಿ ರೈಲ್ವೆ ಗೇಟು, ನೀರು ಎಷ್ಟನೇ ಕಿಲೊಮೀಟರಿಗೆ, ಇವತ್ತು ಕೊನೆಯಲ್ಲಿ ಬರುವವರು ಯಾರು.

ಈ ಕೊನೆಯ ಪ್ರಶ್ನೆಗೆ ಬಹಳ ತೂಕವಿದೆ. ಎಲ್ಲರಿಗಿಂತ ಹಿಂದೆ ಬರುವ ಸವಾರನ ಹಿಂದೆ ಇನ್ನೊಬ್ಬ ಇರಬೇಕು ಎಂಬುದು ಈ ಸವಾರಿಗಳ ಮೊದಲ ನಿಯಮ. ಆತನಿಗೆ ‘ಸ್ವೀಪ್’ ಎನ್ನುತ್ತಾರೆ. ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನವರಿಗೇ ಈ ಕೆಲಸ ಕೊಡುವುದು ವಾಡಿಕೆ. ಮುಂದೆ ಹಾರಿಹೋಗಬಲ್ಲವನು ಗಂಟೆಗೆ ಹನ್ನೆರಡು ಕಿ.ಮೀ. ವೇಗದಲ್ಲಿ, ಮೊದಲ ಸಲ ಇಷ್ಟು ದೂರ ಬಂದ ಐವತ್ತು ದಾಟಿದವರೊಬ್ಬರ ಹಿಂದೆ ಹತ್ತು ಮೀಟರ್ ಅಂತರ ಬಿಟ್ಟು ಬರುತ್ತಾನೆ. ಪಕ್ಕಕ್ಕೆ ಬಂದು ಹುರಿದುಂಬಿಸುವುದಿಲ್ಲ, ಹಿಂದಿನಿಂದ ಅವಸರ ಮಾಡುವುದಿಲ್ಲ. ಅವರು ನಿಂತರೆ ತಾನೂ ನಿಂತು ತನ್ನ ಬ್ರೇಕ್ ಸರಿಮಾಡಿಕೊಳ್ಳುವಂತೆ ಬಗ್ಗುತ್ತಾನೆ. ಒಂದು ತಂಡದ ಯೋಗ್ಯತೆಯನ್ನು ನಾನು ಅಳೆಯುವುದು ಅದರ ಸ್ವೀಪ್ ನೋಡಿ. ಮುಂದಿನವರ ವೇಗ ನೋಡಿ ಅಳೆದರೆ ಮೋಸಹೋಗುತ್ತೇವೆ.

ಹೊಸಪೇಟೆ ದಾಟಿ ಸಂಡೂರಿನ ದಾರಿ ಹಿಡಿದರೆ ಬೆಟ್ಟದ ಸಾಲು ಹತ್ತಿರ ಬರುತ್ತದೆ. ಸಂಡೂರು ಬೆಟ್ಟಗಳ ನಡುವಿನ ಬೋಗುಣಿಯಂಥ ಕಣಿವೆ. ನಾರಿಹಳ್ಳ ಆ ಬೆಟ್ಟವನ್ನು ಸೀಳಿ ಹರಿಯುವ ಕಡೆ ಗಂಡಿಗಳಿವೆ. ಮಳೆಗಾಲ ಮುಗಿದ ಹೊಸತರಲ್ಲಿ ಇಲ್ಲಿನ ಹಸಿರು ಕಂಡವರು ಇದನ್ನು ಬಳ್ಳಾರಿ ಜಿಲ್ಲೆ ಎಂದರೆ ನಂಬುವುದು ಕಷ್ಟ. ಆದರೆ ರಸ್ತೆಯ ಅಂಚು ಕೆಂಪು, ಗಿಡದ ಎಲೆ ಕೆಂಪು, ಹೋಟೆಲಿನ ಬೋರ್ಡು ಕೆಂಪು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮಿತಿ ಹಾಕಿ, ಷರತ್ತು ವಿಧಿಸಿ ಮತ್ತೆ ಬಿಟ್ಟಿತು. ಟಾರ್ಪಾಲು ಹೊದ್ದ ಅದಿರಿನ ಲಾರಿಗಳು ಈಗಲೂ ಓಡುತ್ತವೆ. ಅವು ಪಕ್ಕದಲ್ಲಿ ಹಾದಾಗ ಮೊದಲು ಗಾಳಿ ಆಚೆಗೆ ತಳ್ಳುತ್ತದೆ, ಮರುಕ್ಷಣ ಒಳಕ್ಕೆ ಎಳೆಯುತ್ತದೆ. ಹೊಸಬರು ಗಾಬರಿಯಾಗಿ ಹ್ಯಾಂಡಲ್ ತಿರುಗಿಸುವುದು ಆಗಲೇ. ಕೈ ಸಡಿಲ ಬಿಟ್ಟು, ಭುಜ ಇಳಿಸಿ, ನೇರ ನೋಡುತ್ತ ಹೋಗಬೇಕೆಂದು ಹಿಂದಿನ ರಾತ್ರಿಯೇ ಹೇಳಿಕೊಟ್ಟಿರುತ್ತಾರೆ.

ಲಾರಿ ಚಾಲಕರ ಬಗ್ಗೆ ದೂರು ಹೇಳುವವರೇ ಹೆಚ್ಚು. ನಾನು ಕಂಡದ್ದು ಬೇರೆ. ಅವರಿಗೆ ರಸ್ತೆ ಗೊತ್ತು, ಸೈಕಲ್ ಸವಾರನ ತೊಳಲಾಟವೂ ಗೊತ್ತು. ಒಂದೇ ಸಾಲಿನಲ್ಲಿ, ಬಿಳಿ ಗೆರೆಯ ಹತ್ತಿರ, ಅತ್ತಿತ್ತ ವಾಲಾಡದೆ ಹೋಗುವ ಗುಂಪಿಗೆ ಅವರು ಜಾಗ ಬಿಟ್ಟುಕೊಡುತ್ತಾರೆ. ಹರಟುತ್ತ ಇಬ್ಬಿಬ್ಬರಾಗಿ ಹೋಗುವವರಿಗೆ ಹಾರ್ನ್ ಹೊಡೆಯುತ್ತಾರೆ, ಹೊಡೆಯಬೇಕಾದ್ದೇ. ಅದಕ್ಕೇ ಗುಂಪಿನಲ್ಲಿ ಮಾತೆಲ್ಲ ಕೂಗು ಮತ್ತು ಸನ್ನೆ. ಮುಂದಿನವರು ‘ಗುಂಡಿ’ ಎಂದು ಕೈಯನ್ನು ನೆಲಕ್ಕೆ ತೋರಿಸಿದರೆ ಹಿಂದಿನವರು ಹಾಗೇ ದಾಟಿಸುತ್ತಾರೆ. ಹಿಂದಿನಿಂದ ‘ಲಾರಿ’ ಎಂಬ ಕೂಗು ಒಬ್ಬರಿಂದೊಬ್ಬರಿಗೆ ಮುಂದೆ ಹೋಗುತ್ತದೆ. ಎದುರುಗಾಳಿ ಇದ್ದಾಗ ಮುಂದಿನವರ ಚಕ್ರದ ಹಿಂದೆ ಸೇರಿಕೊಂಡರೆ ನಾಲ್ಕನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆ ಆಸರೆ ಪಡೆದವರು ಐದು ನಿಮಿಷದ ನಂತರ ತಾವೇ ಮುಂದೆ ಬಂದು ಗಾಳಿಗೆ ಎದೆಯೊಡ್ಡಬೇಕು. ಬರೀ ಹಿಂದೆಯೇ ಅಂಟಿಕೊಂಡಿರುವವರನ್ನು ಯಾರೂ ಬೈಯುವುದಿಲ್ಲ, ಆದರೆ ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಪಂಚರ್ ಆಗಿಯೇ ಆಗುತ್ತದೆ. ಅದಕ್ಕೆ ಕಾರಣ ಅದಿರೂ ಅಲ್ಲ, ಗಾಜೂ ಅಲ್ಲ, ರಸ್ತೆಯ ಎರಡೂ ಬದಿ ಬೆಳೆದು ನಿಂತ ಬಳ್ಳಾರಿ ಜಾಲಿ. ಸೌದೆಗೆ ಕಡಿದು ಸಾಗಿಸುವಾಗ ಉದುರಿದ ಮುಳ್ಳು ಟಾರಿನ ಮೇಲೆ ಬಿದ್ದಿರುತ್ತದೆ, ಒಣಗಿದಷ್ಟೂ ಚೂಪು. ಟೈರನ್ನು ತೂರಿ ಒಳಗೆ ಬಂದ ಮುಳ್ಳಿನ ತುದಿ ಮುರಿದು ಅಲ್ಲೇ ಉಳಿಯುತ್ತದೆ. ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿ ಹೊರಟವರಿಗೆ ಅರ್ಧ ಕಿಲೊಮೀಟರಿನಲ್ಲಿ ಮತ್ತೆ ಪಂಚರ್. ಬಲ್ಲವರು ಅವಸರ ಮಾಡುವುದಿಲ್ಲ. ಟೈರಿನ ಒಳಮೈಯಲ್ಲಿ ಬೆರಳ ತುದಿಯನ್ನು ನಿಧಾನವಾಗಿ ಒಂದು ಸುತ್ತು ಎಳೆಯುತ್ತಾರೆ. ಚುರ್ ಎಂದ ಕಡೆ ನಿಲ್ಲಿಸಿ, ಹೊರಗಿನಿಂದ ಟೈರನ್ನು ಬಗ್ಗಿಸಿ, ಉಗುರಿಗೆ ಸಿಗದ ಆ ಚೂರನ್ನು ಚಿಮಟದಲ್ಲಿ ಕೀಳುತ್ತಾರೆ. ಇನ್ನೊಂದು ಸುತ್ತು ಬೆರಳಾಡಿಸಿದ ಮೇಲೇ ಟ್ಯೂಬ್ ಒಳಗೆ. ಊರೊಳಗೆ ಪಂಚರ್ ಆದರೆ ಇನ್ನೂ ಸುಲಭ. ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎದ್ದ ಕಡೆ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರುವವರೆಗೆ ಕಾದು ಪ್ಯಾಚ್ ಒತ್ತುತ್ತಾರೆ. ಆ ಕಾಯುವಿಕೆಯೇ ಆ ಕೆಲಸದ ಗುಟ್ಟು. ಎಷ್ಟೋ ಕಡೆ ದುಡ್ಡು ತೆಗೆದುಕೊಳ್ಳುವುದಿಲ್ಲ. ‘ಶಾಲಿ ಮಕ್ಕಳಿಗೆ ಅಂತ ಹೊಂಟೀರಿ, ನಮ್ದೂ ಇಷ್ಟು ಇರ್ಲಿ ಬಿಡ್ರಿ’ ಎಂದು ಪಂಪನ್ನು ಮೂಲೆಗೆ ಇಡುತ್ತಾರೆ. ಆ ಮೂವತ್ತು ನಲವತ್ತು ರೂಪಾಯಿ ಯಾವ ಜಾಲತಾಣದ ದೇಣಿಗೆ ಪಟ್ಟಿಯಲ್ಲೂ ಕಾಣಿಸುವುದಿಲ್ಲ.

ಸಂಡೂರಿಗೆ ಹೋದ ತಂಡ ಕುಶಲ ಕಲಾ ಕೇಂದ್ರಕ್ಕೆ ಹೋಗದೆ ಬರಬಾರದು. 1984ರಲ್ಲಿ ಶುರುವಾದ ಈ ಕೇಂದ್ರದಲ್ಲಿ ಲಂಬಾಣಿ ಹೆಣ್ಣುಮಕ್ಕಳು ಕನ್ನಡಿ, ಕವಡೆ, ಬಣ್ಣದ ದಾರದಲ್ಲಿ ಕಸೂತಿ ಹಾಕುತ್ತಾರೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಸಭೆ ನಡೆದಾಗ ಇವರ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನಿಸ್ ದಾಖಲೆಗೆ ಸೇರಿತು. ದೂರದ ಊರಿನ ಯಾವುದೋ ಉದ್ದೇಶಕ್ಕೆ ಹಣ ಕೂಡಿಸುವ ಸವಾರರು ಇಲ್ಲಿ ಒಂದು ಚೀಲ, ಒಂದು ದಿಂಬಿನ ಕವರು ಕೊಂಡರೆ ಅದೂ ಸವಾರಿಯ ಕೆಲಸವೇ. ದುಡಿದು ತಿನ್ನುವವರ ಕೈಗೆ ಅದು ನೇರವಾಗಿ ಹೋಗುತ್ತದೆ.

ಕಂಪ್ಲಿ ದಾರಿ ಇದಕ್ಕೆ ತದ್ವಿರುದ್ಧ. ಕಮಲಾಪುರ ಬಿಟ್ಟು ಬುಕ್ಕಸಾಗರ, ರಾಮಸಾಗರಗಳ ಕಡೆ ತಿರುಗಿದರೆ ಕಾಲುವೆಯ ನೀರು, ಬಾಳೆತೋಟ, ಕಬ್ಬು, ಭತ್ತ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಗಳು ಇಂದಿಗೂ ನೀರು ಹರಿಸುತ್ತಿವೆ. ಹಂಪಿಯ ಅವಶೇಷಗಳ ನಡುವೆಯೇ ಹಾದುಹೋಗುವ ತುರ್ತಾ ಕಾಲುವೆಯ ಬದಿಯಲ್ಲಿ ಸೈಕಲ್ ನಿಲ್ಲಿಸಿ ಮುಖ ತೊಳೆದವರಿಗೆ ಇತಿಹಾಸದ ಪುಸ್ತಕ ಬೇಕಿಲ್ಲ. ಇಲ್ಲಿ ಲಾರಿಯ ಬದಲು ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು. ಮುಂದಿನ ಟ್ರೇಲರ್ ದಾಟಿತೆಂದು ಒಳಗೆ ಬರಲು ಹೋಗಬಾರದು, ಹಿಂದಿನದು ಹಾವಿನ ಬಾಲದಂತೆ ಬೀಸಿ ಬರುತ್ತದೆ. ಕೊಯ್ಲಿನ ಕಾಲದಲ್ಲಿ ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಒಣಹಾಕಿರುತ್ತಾರೆ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಭತ್ತದ ಮೇಲೆ ತೆಳ್ಳನೆ ಟೈರು ಹತ್ತಿದರೆ ಜಾರುವುದು ಖಚಿತ, ಜೊತೆಗೆ ಅದು ಒಬ್ಬರ ವರ್ಷದ ಅನ್ನ. ಇಳಿದು, ಸೈಕಲ್ಲನ್ನು ಬದಿಯಲ್ಲಿ ತಳ್ಳಿಕೊಂಡು ದಾಟುವ ತಂಡವನ್ನು ಕಂಡರೆ ಹರವುತ್ತಿದ್ದ ಅಜ್ಜಿ ತಾನಾಗಿಯೇ ಮಾತಾಡಿಸುತ್ತಾಳೆ. ‘ಯಾ ಊರ್ರೀ ನಿಮ್ದು? ಬಸ್ ಇದ್ದಿಲ್ಲೇನು?’ ಉತ್ತರ ಕೇಳಿದ ಮೇಲೆ, ‘ಬರ್ರಿ, ಮಜ್ಗಿ ಕುಡೀರಿ’.

ಈ ದಾರಿಯಲ್ಲಿ ಹೊಳೆಯ ಮಾತು ಕೇಳಿಯೇ ಹೊರಡಬೇಕು. ತುಂಗಭದ್ರಾ ಅಣೆಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಅದರ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದದ್ದು ಎಲ್ಲರ ನೆನಪಿನಲ್ಲಿದೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಆಗ ಸುತ್ತುಬಳಸಾದರೂ ಕಡೆಬಾಗಿಲು ಸೇತುವೆಯ ದಾರಿ ತಿಳಿದಿರಬೇಕು. ಕಂಪ್ಲಿಯಿಂದ ಸಂಡೂರು ತಾಲ್ಲೂಕಿನ ದರೋಜಿ ಕಡೆಗೆ ಹೊರಟರೆ ಕತ್ತಲಾಗುವ ಮೊದಲೇ ಊರು ಸೇರುವುದು ಕಟ್ಟುನಿಟ್ಟು. ಅದು ಕರಡಿಧಾಮದ ಸೆರಗು, ಸಂಜೆ ಆಗುತ್ತಲೇ ಕರಡಿಗಳು ಬಂಡೆಯಿಂದ ಇಳಿಯುತ್ತವೆ. ಬುರ್ರಕಥಾ ಹಾಡುತ್ತಿದ್ದ ಈರಮ್ಮನ ಊರು ದರೋಜಿ. ಓದುಬರಹ ಬಾರದ ಆ ತಾಯಿ ನೆನಪಿನಲ್ಲೇ ಇಟ್ಟುಕೊಂಡಿದ್ದ ಕಾವ್ಯಗಳು ಪುಸ್ತಕಗಳಾಗಿ ಅಚ್ಚಾಗಿವೆ. ಅಂಥವರ ಊರಲ್ಲಿ ಒಂದು ಗಂಟೆ ಕೂತು ಹೋಗುವಷ್ಟು ಪುರಸೊತ್ತನ್ನು ವೇಳಾಪಟ್ಟಿಯಲ್ಲಿ ಇಡದ ಸವಾರಿ ನನ್ನ ಮಟ್ಟಿಗೆ ಅರೆಬರೆ.

ಹಂಪಿಯಲ್ಲಿ ತುಳಿಯುವುದು ಕಡಿಮೆ, ಇಳಿದು ನಡೆಯುವುದೇ ಹೆಚ್ಚು. 1986ರಿಂದ ಅದು ವಿಶ್ವ ಪರಂಪರೆಯ ತಾಣ. ಆನೆಗೊಂದಿ ಸೇತುವೆಯ ಕಾಮಗಾರಿಯ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಫೋಟೊ ಚೆನ್ನಾಗಿ ಬರಲೆಂದು ಕೆತ್ತನೆಯ ಕಂಬಕ್ಕೆ ಸೈಕಲ್ ಒರಗಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪೆಡಲಿನ ಕಬ್ಬಿಣದ ಅಂಚು ಐನೂರು ವರ್ಷದ ಕಲ್ಲಿನ ಮೇಲೆ ಎಳೆದ ಗೆರೆ ಮತ್ತೆ ಅಳಿಸುವುದಿಲ್ಲ. ನೆಲದ ಮೇಲೆ ಮಲಗಿಸಿ, ಮರಕ್ಕೆ ಒರಗಿಸಿ, ಕಲ್ಲಿಗೆ ಬೇಡ.

ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ಈ ದಿನಚರಿ ಸುಳ್ಳಾಗುತ್ತದೆ. ಇಂಥ ತಂಡಗಳಲ್ಲಿ ಅವರ ಸಂಖ್ಯೆ ಏರುತ್ತಿದೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲವೆಂದು ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಿಸಿಲಲ್ಲಿ ನೀರು ಕುಡಿಯದೆ ತುಳಿದರೆ ಮಧ್ಯಾಹ್ನಕ್ಕೆ ತಲೆನೋವು, ಸ್ನಾಯು ಸೆಳೆತ, ವಾಂತಿ. ದಾಹವಾಗುವ ಮುಂಚೆ ಕುಡಿ, ಹಸಿವಾಗುವ ಮುಂಚೆ ತಿನ್ನು ಎಂಬ ಬುದ್ಧಿಮಾತು ಬಾಗಿಲಿರುವ ಶೌಚಾಲಯವಿಲ್ಲದ ಕಡೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಒಳ್ಳೆಯ ಸಂಘಟಕರು ಇಪ್ಪತ್ತು ಕಿಲೊಮೀಟರಿಗೊಂದು ಪೆಟ್ರೋಲ್ ಬಂಕ್, ಶಾಲೆ ಅಥವಾ ಪರಿಚಯದ ಮನೆಯನ್ನು ಮುಂಚೆಯೇ ಕೇಳಿ ಗೊತ್ತುಮಾಡಿರುತ್ತಾರೆ. ಸಹಾಯ ವಾಹನದಲ್ಲಿ ಜೀವಜಲದ (ಒಆರ್‌ಎಸ್) ಪೊಟ್ಟಣ ಮುಗಿದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಹಳ್ಳಿಯ ಯಾವ ಮನೆಯಲ್ಲಾದರೂ ಅದು ಸಿಗುತ್ತದೆ.

ಹನ್ನೊಂದೂವರೆಯೊಳಗೆ ಅಂದಿನ ಸವಾರಿ ಮುಗಿಸುವುದು ಲೇಸು. ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರು. ಆಮೇಲೆ ಹಾಲ್ ತುಂಬ ನಿದ್ದೆ. ಸಂಜೆ ಒಂದು ಸರ್ಕಾರಿ ಶಾಲೆಗೋ ಆಸ್ಪತ್ರೆಗೋ ಭೇಟಿ. ರಾತ್ರಿ ಒಂಬತ್ತಕ್ಕೆ ದೀಪ ಆರಿದರೂ ಗೋಡೆಯ ಎರಡೇ ಪ್ಲಗ್ಗಿಗೆ ಕಟ್ಟಿದ ಹತ್ತಾರು ಚಾರ್ಜರ್‌ಗಳ ಕೆಂಪು ಹಸಿರು ಬೆಳಕು ಉಳಿದಿರುತ್ತದೆ.

ಈಗ ಹಣದ ಮಾತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1980ರಲ್ಲಿ ಬಿಲ್ಲಿ ಸ್ಟಾರ್ ಎಂಬವರು ಕ್ಯಾನ್ಸರ್ ಸಂಶೋಧನೆಗೆಂದು 36 ಸವಾರರ ಜೊತೆ ‘ಪ್ಯಾನ್-ಮ್ಯಾಸ್ ಚಾಲೆಂಜ್’ ಶುರು ಮಾಡಿದರು. ಅವರ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೊದಲ ವರ್ಷ ಕೂಡಿದ್ದು 10,200 ಡಾಲರ್. ಈಗ ಅದರ ಒಟ್ಟು ಸಂಗ್ರಹ ನೂರು ಕೋಟಿ ಡಾಲರ್ ದಾಟಿದೆ. ಸವಾರರು ತಂದ ದೇಣಿಗೆಯಲ್ಲಿ ಒಂದು ಪೈಸೆಯನ್ನೂ ಊಟ, ವಸತಿ, ವಾಹನಕ್ಕೆ ಬಳಸದೆ ಪೂರ್ತಿ ಸಂಶೋಧನಾ ಸಂಸ್ಥೆಗೆ ಕೊಡುವುದನ್ನು ಅವರು ನಿಯಮ ಮಾಡಿಕೊಂಡಿದ್ದಾರೆ. ಇದಕ್ಕೆ ವಿರುದ್ಧದ ಉದಾಹರಣೆಯೂ ಅಮೆರಿಕದಲ್ಲೇ ಇದೆ. 1994ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ ಶುರುವಾದ ಏಡ್ಸ್ ಸವಾರಿ ಕೋಟಿಗಟ್ಟಲೆ ಕೂಡಿಸಿತು. ಆದರೆ ಖರ್ಚೇ ಹೆಚ್ಚಾಯಿತೆಂಬ ಟೀಕೆ ಬಂದು, ಹಣ ಪಡೆಯಬೇಕಿದ್ದ ಸಂಸ್ಥೆಗಳೇ ಬೇರೆಯಾಗಿ 2002ರಲ್ಲಿ ತಮ್ಮದೇ ಸವಾರಿ ನಡೆಸಿದವು. ಸವಾರರ ಬೆವರು ಎರಡೂ ಕಡೆ ಒಂದೇ. ಜನರ ನಂಬಿಕೆ ಉಳಿದದ್ದು ಲೆಕ್ಕ ಸರಿಯಿದ್ದ ಕಡೆ.

ನಮ್ಮಲ್ಲಿ ಮೂವತ್ತು ಜನರ ಸಣ್ಣ ತಂಡಕ್ಕೂ ಇದೇ ಅಳತೆ ಅನ್ವಯಿಸಬೇಕು. ಸವಾರ ತನ್ನ ಊಟ, ವಸತಿ, ವಾಹನದ ಪಾಲನ್ನು ತಾನೇ ಕೊಡಲಿ. ದೇಣಿಗೆಯಾಗಿ ಬಂದದ್ದು ಉದ್ದೇಶಕ್ಕೇ ಹೋಗಲಿ. ತೆರಿಗೆ ವಿನಾಯಿತಿ ಬೇಕಾದ ದಾನಿಗಳು 2,000 ರೂಪಾಯಿಗಿಂತ ಹೆಚ್ಚು ಮೊತ್ತವನ್ನು ನಗದಾಗಿ ಕೊಡುವಂತಿಲ್ಲ. ಅದಕ್ಕಿಂತ ದೊಡ್ಡ ಮೊತ್ತವೆಲ್ಲ ಬ್ಯಾಂಕ್ ಮೂಲಕವೇ ಬಂದು ದಾಖಲೆ ಉಳಿಯುತ್ತದೆ, ಒಳ್ಳೆಯದೇ ಆಯಿತು.

ಎಲ್ಲಿ ಖರ್ಚು ಮಾಡಬೇಕೆಂಬ ಪ್ರಶ್ನೆಗೂ ಈ ದಾರಿಯೇ ಉತ್ತರ ಕೊಡುತ್ತದೆ. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯಿಂದ ಪ್ರೌಢಶಾಲೆಗೆ ನಾಲ್ಕೈದು ಕಿ.ಮೀ. ಇರುವ ಕಡೆ ಹೆಣ್ಣುಮಕ್ಕಳು ಗುಂಪುಗುಂಪಾಗಿ ಸೈಕಲ್ಲಿನಲ್ಲಿ ಹೋಗುವುದು ನಮ್ಮ ರಸ್ತೆಗಳ ನೋಟವನ್ನೇ ಬದಲಿಸಿತು. ಕೋವಿಡ್ ಹೊತ್ತಿನಲ್ಲಿ ವಿತರಣೆ ನಿಂತುಹೋಯಿತು. ಹಗುರ ಲೋಹದ, ಲಕ್ಷ ರೂಪಾಯಿಯ ಸೈಕಲ್ ತುಳಿಯುವವರ ಪಕ್ಕದಲ್ಲಿ ಚೀಲ ಹೊತ್ತು ನಡೆದು ಶಾಲೆಗೆ ಹೋಗುವ ಹುಡುಗಿಯನ್ನು ರಾಮಸಾಗರದ ದಾರಿಯಲ್ಲಿ ಕಂಡ ಮೇಲೆ, ಕೂಡಿಸಿದ ಹಣದಲ್ಲಿ ಏನು ಮಾಡೋಣ ಎಂಬ ಚರ್ಚೆಗೆ ಸಮಿತಿ ಬೇಕಿಲ್ಲ. ಸೈಕಲ್ ಕೊಟ್ಟರೆ ಸಾಲದು. ವರ್ಷಕ್ಕೊಮ್ಮೆ ಬಂದು ಟೈರು, ಬ್ರೇಕ್ ನೋಡುವ ವ್ಯವಸ್ಥೆ ಬೇಕು, ಅದೇ ಊರಿನ ಪಂಚರ್ ಅಂಗಡಿಯವರಿಗೆ ಅದರ ಗುತ್ತಿಗೆ ಕೊಡಬಹುದು.

ಸವಾರಿ ಹೊರಡಿಸುವವರಲ್ಲಿ ನನ್ನದು ಒಂದು ವಿನಂತಿ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಯಾರಿಗೆ ತಲುಪಿತು ಎಂಬ ಲೆಕ್ಕವನ್ನು ದಾನಿಗಳಿಗೆ ಇಂಗ್ಲಿಷಿನಲ್ಲಿ ಮಿಂಚಂಚೆ ಮಾಡಿ ಕೈತೊಳೆದುಕೊಳ್ಳಬೇಡಿ. ಅದನ್ನೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ನಿಮಗೆ ನೀರು ಕೊಟ್ಟ, ಜಾಗ ಕೊಟ್ಟ, ದುಡ್ಡು ತೆಗೆದುಕೊಳ್ಳದೆ ಪಂಚರ್ ಹಾಕಿಕೊಟ್ಟ ಪ್ರತಿ ಊರಿನ ಗ್ರಾಮ ಪಂಚಾಯಿತಿಗೂ ಶಾಲೆಗೂ ಕಳಿಸಿ. ಊರಿನವರಲ್ಲೂ ಒಂದು ಮಾತು: ಮುಂದಿನ ಚಳಿಗಾಲದಲ್ಲಿ ಸೈಕಲ್ ತಂಡ ಬಂದರೆ ಮಜ್ಜಿಗೆ ಕೊಡಿ, ಶಾಲೆಯ ಶೌಚಾಲಯದ ಬೀಗ ತೆಗೆದಿಡಿ, ಹಿಂದಿನ ವರ್ಷದ ಲೆಕ್ಕ ಎಲ್ಲಿ ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.